ಪಪೇತೆಯ ಸೊನ್ನೆಗಳು

ಅಲ್ ಖೋಬರ್

ತಾಹಿತಿ ದ್ವೀಪಕ್ಕೆ ಜನ ಮದುವೆಯಾದ ಹೊಸತರಲ್ಲಿ ಹೋಗುತ್ತಾರಂತೆ. ನಾನು ಹೋದದ್ದು ತುಕ್ಕು ಹಿಡಿದ ಪೈಪುಗಳ ದಪ್ಪ ಅಳೆಯಲಿಕ್ಕೆ. ಹೋಗುವಾಗ ಸಿಟ್ಟಿನಲ್ಲಿದ್ದೆ, ಬರುವಾಗ ಅದರ ಎರಡರಷ್ಟು ಸಿಟ್ಟಿನಲ್ಲಿದ್ದೆ. ನೀಲಿ ಸಮುದ್ರದ ವರ್ಣನೆ ಬೇಕಾದವರು ಇಲ್ಲಿಯೇ ಇಳಿದುಕೊಳ್ಳಬಹುದು. ಸಮುದ್ರ ನೀಲಿಯಾಗಿಯೇ ಇತ್ತು. ಅದರದ್ದೇನೂ ತಪ್ಪಿಲ್ಲ.

ಸಿಟ್ಟಿನ ಕಾರಣ ಮೊದಲೇ ಹೇಳಿಬಿಡುತ್ತೇನೆ. ನಾನು ಕೆಲಸ ಮಾಡುವುದು ಸೌದಿಯ ಪೂರ್ವ ಕರಾವಳಿಯ ಅಲ್ ಖೋಬರ್ ಊರಿನ ಒಂದು ಚಿಕ್ಕ ಗುತ್ತಿಗೆ ಕಂಪನಿಯಲ್ಲಿ. ಪೈಪುಗಳ ಬೆಸುಗೆ ಗಟ್ಟಿಯಿದೆಯೇ ಎಂದು ನೋಡುವುದು ನಮ್ಮ ಕೆಲಸ. ಆಸ್ಪತ್ರೆಯಲ್ಲಿ ಮೂಳೆಯ ಫೋಟೋ ತೆಗೆಯುವ ಹಾಗೆ ನಾವು ಕಬ್ಬಿಣದ ಫೋಟೋ ತೆಗೆಯುತ್ತೇವೆ. ಅದಕ್ಕೆ ನಮ್ಮ ಹತ್ತಿರ ಇರುವುದು ಭಾರದ ಡಬ್ಬಿಯೊಳಗೆ ಕೂತ ಒಂದು ಲೋಹದ ಚೂರು. ಹಗಲೂ ರಾತ್ರಿ ವಿಕಿರಣ ಸೂಸುತ್ತಲೇ ಇರುವ ಚೂರು. ಅದರ ಹತ್ತಿರ ಹೋಗುವವರೆಲ್ಲ ಎದೆಯ ಮೇಲೆ ಒಂದು ಬ್ಯಾಡ್ಜ್ ಹಾಕಿಕೊಳ್ಳಬೇಕು. ಮೈಗೆ ಎಷ್ಟು ತಾಗಿತು ಎಂಬುದನ್ನು ಆ ಬ್ಯಾಡ್ಜ್ ನೆನಪಿಟ್ಟುಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಲ್ಯಾಬಿಗೆ ಕಳುಹಿಸಿದರೆ ಅವರು ಓದಿ ಅಂಕಿ ಹೇಳುತ್ತಾರೆ.

ನಮ್ಮಲ್ಲಿ ಒಂಬತ್ತು ಜನ, ಒಂಬತ್ತು ಬ್ಯಾಡ್ಜ್. ಆಫೀಸಿನ ಗೋಡೆಗೆ ಒಂದು ಹಲಗೆ, ಹಲಗೆಗೆ ಒಂಬತ್ತು ಮೊಳೆ. ನಮ್ಮ ಪದ್ಧತಿ ಹೀಗೆ: ಆಫೀಸಿನಲ್ಲಿರುವಾಗ ಬ್ಯಾಡ್ಜ್ ಎದೆಯ ಮೇಲೆ, ಸೈಟಿಗೆ ಹೊರಡುವಾಗ ಬ್ಯಾಡ್ಜ್ ಮೊಳೆಯ ಮೇಲೆ. ತಪ್ಪು ಓದಿದೆ ಎಂದುಕೊಳ್ಳಬೇಡಿ, ಸರಿಯಾಗಿಯೇ ಓದಿದ್ದೀರಿ. ಚಹಾ ಕುಡಿಯುವಾಗ ಹಾಕಿಕೊಳ್ಳುವುದು, ವಿಕಿರಣದ ಹತ್ತಿರ ಹೋಗುವಾಗ ಬಿಚ್ಚಿಡುವುದು. ಏಕೆಂದರೆ ಅಂಕಿ ಮಿತಿ ದಾಟಿದವನನ್ನು ಸೈಟಿನಿಂದ ಇಳಿಸಬೇಕು. ಬದಲಿ ಜನ ಇಲ್ಲದಿದ್ದರೆ ಗುತ್ತಿಗೆ ಕೈತಪ್ಪುತ್ತದೆ. ಕೆಲಸವಿಲ್ಲದವನ ಇಕಾಮಾವನ್ನು, ಅಂದರೆ ಇಲ್ಲಿ ಇರುವುದಕ್ಕೆ ಬೇಕಾದ ಪರವಾನಗಿಯನ್ನು, ಯಾರು ನವೀಕರಿಸಿ ಕೊಡುತ್ತಾರೆ? ಆದ್ದರಿಂದ ಯಾರೂ ಯಾರನ್ನೂ ಒತ್ತಾಯ ಮಾಡುವುದಿಲ್ಲ. ಒಂಬತ್ತು ಜನರೂ ತಾವಾಗಿಯೇ ನೇತುಹಾಕುತ್ತಾರೆ.

ಲ್ಯಾಬಿನಿಂದ ಒಂಬತ್ತು ಸೊನ್ನೆ ಬರುತ್ತವೆ. ಅವನ್ನು ಪಟ್ಟಿಯಲ್ಲಿ ಬರೆದು, ‘ಕೆಲಸದ ಉದ್ದಕ್ಕೂ ಬ್ಯಾಡ್ಜ್ ಧರಿಸಲಾಗಿತ್ತು’ ಎಂಬ ಸಾಲಿನ ಕೆಳಗೆ ಸಹಿ ಹಾಕುವವನು ನಾನು. ಲ್ಯಾನ್ಸಿ, ಬಿ.ಎಸ್ಸಿ., ಭೌತಶಾಸ್ತ್ರ. ನಮ್ಮ ಮನೆತನಕ್ಕೇ ಮೊದಲ ಡಿಗ್ರಿ. ಅಮ್ಮ ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ಜೇಡಿಮಣ್ಣು ಹೊತ್ತವಳು, ಅಪ್ಪ ಅದೇ ಕಾರ್ಖಾನೆಯ ಭಟ್ಟಿಗೆ ಸೌದೆ ತುಂಬಿದವನು. ಇಬ್ಬರೂ ಹೆಬ್ಬೆಟ್ಟು. ಯಾವ ಕಾಗದ ಮುಂದೆ ಇಟ್ಟರೂ ಒತ್ತಿದವರು. “ನೀನಾದ್ರೂ ಓದಿ ಸೈನ್ ಮಾಡು ಮಗಾ” ಎಂದು ಅಮ್ಮ ನನ್ನನ್ನು ಕಾಲೇಜಿಗೆ ಕಳುಹಿಸಿದಳು. ನಾನು ಓದಿದೆ. ಒಂಬತ್ತು ವರ್ಷದಿಂದ ಓದಿಯೇ ಸೈನ್ ಹಾಕುತ್ತಿದ್ದೇನೆ.

ಈ ಸಲದ ಅವಧಿ ಮುಗಿಯುತ್ತ ಬಂದಾಗ, ಇನ್ನೊಮ್ಮೆ ಸಹಿ ಹಾಕಲು ಕೈ ಬಾರದು ಅನ್ನಿಸಿತು. ಉಳ್ಳಾಲದ ಬಶೀರ್ ಕಾಕ ಇಪ್ಪತ್ತೆರಡು ವರ್ಷದ ಕೆಲಸ ಮುಗಿಸಿ, ಎಕ್ಸಿಟ್, ಅಂದರೆ ಊರಿಗೆ ಮರಳುವ ವೀಸಾ, ಹೊಡೆಸಿಕೊಂಡು, ಮುಂದಿನ ತಿಂಗಳು ಊರಿಗೆ ಹೊರಟಿದ್ದರು. ಅವರ ಬಲಗೈಯ ಎರಡು ಬೆರಳ ತುದಿ ಒಂದು ವರ್ಷದಿಂದ ಸಿಪ್ಪೆ ಸುಲಿಯುತ್ತಿದೆ. ಸಾಬೂನಿನ ಅಲರ್ಜಿ ಎಂದು ಇಲ್ಲಿಯ ಡಾಕ್ಟರ್ ಹೇಳಿದ್ದಾರೆ. ಇರಬಹುದು, ನನಗೆ ಗೊತ್ತಿಲ್ಲ. ಊರಿಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿದರೆ, ಇಪ್ಪತ್ತೆರಡು ವರ್ಷದಲ್ಲಿ ಅವರ ಮೈಗೆ ಏನು ತಾಗಿತು ಎನ್ನುವುದಕ್ಕೆ ಇರುವ ಸಾಕ್ಷಿ ಈ ಪಟ್ಟಿ ಒಂದೇ. ಅದರಲ್ಲಿ ಆದಿಯಿಂದ ಅಂತ್ಯದವರೆಗೆ ಸೊನ್ನೆ. ಕೊನೆಯ ಪುಟಕ್ಕೆ ನನ್ನ ಸಹಿ ಬಿದ್ದರೆ ಲೆಕ್ಕ ಮುಗಿಯಿತು.

ಇದನ್ನೇ ಮ್ಯಾನೇಜರ್ ರಿಚರ್ಡ್ ಸರ್ ಮುಂದೆ ಹೇಳಿದೆ. ಅವರು ನಮ್ಮೂರಿನವರೇ, ನನ್ನನ್ನು ಇಲ್ಲಿಗೆ ಕರೆಸಿಕೊಂಡವರೂ ಅವರೇ.

“ಎಂತ ಮಾರಾಯ ನಿಂದು? ಬಶೀರ್ ಕೇಳಿದ್ನಾ ನಿನ್ನ ಹತ್ರ?”

ಬಾಗಿಲಲ್ಲಿ ನಿಂತಿದ್ದ ಬಶೀರ್ ಕಾಕನೇ ಉತ್ತರಿಸಿದರು. ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಪೊರ್ಬುಗಳು ಎನ್ನುವುದು ವಾಡಿಕೆ. “ನಾನು ಕೇಳ್ಲಿಲ್ಲ ಸಾರ್. ಪೊರ್ಬುಗಳೇ, ನೀವು ಸುಮ್ಮನೆ ಸೈನ್ ಹಾಕಿ. ಕಾಗದದ ಹಿಂದೆ ಬಿದ್ದು ನನ್ನ ಎಕ್ಸಿಟ್ ನಿಂತ್ರೆ ನೀವು ನಮ್ಮ ಮನೆಗೆ ಹೋಗಿ ಬಿರಿಯಾನಿ ತಿಂತೀರಾ ನನ್ನ ಬದಲು?”

ರಿಚರ್ಡ್ ಸರ್ ನಕ್ಕರು. “ಲ್ಯಾನ್ಸಿ, ನಮ್ಮ ಗಿರಾಕಿಯ ಒಂದು ಸರಕು ಹಡಗು ತಾಹಿತಿಯ ಪಪೇತೆ ಬಂದರಿನಲ್ಲಿ ರಿಪೇರಿಗೆ ನಿಂತಿದೆ. ಪೈಪ್ ಅಳೀಲಿಕ್ಕೆ ಸರ್ಟಿಫಿಕೇಟ್ ಇರುವ ಜನ ಬೇಕಂತೆ. ನೀನು ಹೋಗಿ ಬಾ. ಸ್ವಲ್ಪ ಗಾಳಿ ಬದಲಾಗ್ಲಿ. ಬಂದು ಸೈನ್ ಹಾಕು.”

ಲಂಚವನ್ನು ಇಷ್ಟು ದೂರದವರೆಗೆ ಚಾಚಿ ಕೊಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ತೆಗೆದುಕೊಂಡೆ.

ಗುರುವಾರ ಹೊರಟು ಬುಧವಾರ ಇಳಿದದ್ದು

ದಮ್ಮಾಮಿನಿಂದ ದೋಹಾ, ದೋಹಾದಿಂದ ಆಕ್ಲೆಂಡ್, ಅಲ್ಲಿಂದ ಪಪೇತೆ. ಆಕ್ಲೆಂಡಿನಲ್ಲಿ ಗುರುವಾರ ಬೆಳಿಗ್ಗೆ ವಿಮಾನ ಹತ್ತಿದವನು ಪಪೇತೆಯಲ್ಲಿ ಇಳಿದಾಗ ಬುಧವಾರ ಸಂಜೆ. ನಡುವೆ ದಿನರೇಖೆ ಇದೆ ಎಂದು ಎಸ್ಸೆಸ್ಸೆಲ್ಸಿಯ ಮಕ್ಕಳಿಗೂ ಗೊತ್ತು. ಭೌತಶಾಸ್ತ್ರದ ಪದವೀಧರ ಕೋಣೆ ಕಾದಿರಿಸಿದ್ದು ಗುರುವಾರಕ್ಕೆ.

ವಿಮಾನ ನಿಲ್ದಾಣದಲ್ಲಿ ಮೂವರು ಗಂಡಸರು ಹೂವಿನ ಅಂಗಿ ಹಾಕಿಕೊಂಡು ಪುಟ್ಟ ಗಿಟಾರಿನಂಥ ಉಕುಲೇಲೆ ಬಾರಿಸುತ್ತ ಹಾಡುತ್ತಿದ್ದರು. ಒಬ್ಬಾಕೆ ಕೈಗೆ ಒಂದು ಬಿಳಿ ಹೂವು ಕೊಟ್ಟಳು. ಅದರ ಹೆಸರು ತಿಯಾರೆ, ನಮ್ಮ ನಂದಿಬಟ್ಟಲಿನ ಆಕಾರ, ಮಲ್ಲಿಗೆಗಿಂತ ಜೋರು ಪರಿಮಳ. ಎಲ್ಲರೂ ಕಿವಿಗೆ ಸಿಕ್ಕಿಸಿಕೊಂಡರು. ನಾನೂ ಬಲಗಿವಿಗೆ ಸಿಕ್ಕಿಸಿಕೊಂಡೆ. ಪಾಸ್‌ಪೋರ್ಟ್ ನೋಡುವವನು ಭಾರತದ ಪಾಸ್‌ಪೋರ್ಟನ್ನೂ ಸೌದಿಯ ಇಕಾಮಾವನ್ನೂ ನನ್ನ ಹೂವನ್ನೂ ಒಂದಾದ ಮೇಲೊಂದು ನೋಡಿ, “ಇಷ್ಟು ದೂರ ಪೈಪು ಅಳೆಯಲಿಕ್ಕೆ ಬಂದೆಯಾ?” ಎಂದು ಕೇಳಿದ. ಹೌದು ಎಂದರೆ ನಂಬಲೇ ಇಲ್ಲ.

ನಾನು ಉಳಿದದ್ದು ಊರಿನ ಹಿಂದಿನ ಕಣಿವೆಯ ಒಂದು ಮನೆಯಲ್ಲಿ. ಯಜಮಾನಿ ವೈತೇಯಾ, ನಲವತ್ತು ದಾಟಿದ ದಪ್ಪನೆಯ ಹೆಂಗಸು. ಮೊದಲು ಹೋಟೆಲಿನಲ್ಲಿ ಕೆಲಸ ಮಾಡಿ ಇಂಗ್ಲಿಷ್ ಕಲಿತವಳು. ಈಗ ಎರಡು ಕೋಣೆ ಬಾಡಿಗೆಗೆ ಕೊಡುತ್ತಾಳೆ, ಮಾರುಕಟ್ಟೆಯಲ್ಲಿ ಹೂವಿನ ಕಿರೀಟ ಕಟ್ಟಿ ಮಾರುತ್ತಾಳೆ. ನಾನು ಗೇಟಿನಲ್ಲಿ ನಿಂತಾಗ ಅವಳು ಕೋಳಿಗಳಿಗೆ ಬೈಯುತ್ತಿದ್ದಳು.

“ನೀನು ನಾಳೆ ಬರಬೇಕಾದವನು.”

“ನಾನು ನಾಳೆಯೇ ಹೊರಟದ್ದು” ಎಂದೆ. ಸುಸ್ತಿನಲ್ಲಿ ಬೇರೆ ಮಾತು ಹೊಳೆಯಲಿಲ್ಲ.

ಅವಳು ಸೊಂಟಕ್ಕೆ ಕೈಯಿಟ್ಟು ನಗಲು ಶುರು ಮಾಡಿದವಳು ಕೋಣೆಯ ಬೀಗ ತೆಗೆದುಕೊಟ್ಟರೂ ನಿಲ್ಲಿಸಲಿಲ್ಲ. ಆಮೇಲೆ ನನ್ನ ಕಿವಿ ತೋರಿಸಿ, “ಹೆಂಡತಿ ಇದ್ದಾಳಾ?” ಎಂದಳು. ಇದ್ದಾಳೆ ಎಂದೆ. “ಹಾಗಾದರೆ ಎಡಗಿವಿಗೆ ಇಡು. ಬಲಗಿವಿಯಲ್ಲಿಟ್ಟರೆ ಹುಡುಗಿ ಹುಡುಕುತ್ತಿದ್ದೇನೆ ಅಂತ ಅರ್ಥ. ಸೌದಿಯಿಂದ ಬಂದವನಿಗೆ ಇನ್ನೂ ಮೂರಕ್ಕೆ ಜಾಗ ಇದೆಯೋ ಏನೋ!” ಸೌದಿಯಿಂದ ಬಂದವನು ಅರಬನಲ್ಲ, ಮುಸ್ಲಿಮನೂ ಅಲ್ಲ, ಕಥೋಲಿಕ ಎಂದು ತಿಳಿಸಿ ಹೇಳುವುದರೊಳಗೆ ಕಣಿವೆಗೆಲ್ಲ ಸುದ್ದಿ ಹರಡಿ ಆಗಿತ್ತು. ಅಲ್ಲಿರುವಷ್ಟು ದಿನವೂ ನನ್ನ ಹೆಸರು ‘ಸೌದಿ’.

ಪೆಟ್ಟಿಗೆ ಬಿಚ್ಚಿದಾಗ ಇನ್ನೊಂದು ಎಡವಟ್ಟು ಕಂಡಿತು. ಅಳೆಯುವ ಯಂತ್ರದ ಪಕ್ಕದಲ್ಲಿ ನನ್ನ ಬ್ಯಾಡ್ಜ್. ಹೊರಡುವ ದಿನ ಆಫೀಸಿನಲ್ಲಿದ್ದೆನಲ್ಲ, ಪದ್ಧತಿಯಂತೆ ಎದೆಯ ಮೇಲಿತ್ತು. ಅವಸರದಲ್ಲಿ ಮೊಳೆಗೆ ಹಾಕುವ ಬದಲು ಪೆಟ್ಟಿಗೆಗೆ ಹಾಕಿದ್ದೆ. ಮೂರು ವಿಮಾನ ನಿಲ್ದಾಣಗಳ ತಪಾಸಣೆಯ ಯಂತ್ರದೊಳಗೆ ಹೋಗಿ, ಮೋಡಗಳ ಮೇಲೆ ಅಷ್ಟು ಹೊತ್ತು ಹಾರಿ ಬಂದಿದೆ. ಆ ಯಂತ್ರಗಳಲ್ಲೂ ಆ ಎತ್ತರದ ಆಕಾಶದಲ್ಲೂ ವಿಕಿರಣ ಇದ್ದೇ ಇದೆ, ಅದೂ ಬ್ಯಾಡ್ಜಿಗೆ ತಾಗುತ್ತದೆ. ಇನ್ನೇನು ಮಾಡುವುದು, ಇರಲಿ ಎಂದು ಎತ್ತಿಟ್ಟೆ.

ಬಂದರು

ಪಪೇತೆ ಎಂದರೆ ನೀರಿನ ಬುಟ್ಟಿ ಎಂದು ಅರ್ಥವಂತೆ. ಹಿಂದೆ ಇಲ್ಲೊಂದು ಊಟೆಯಿತ್ತು, ಸುತ್ತಲಿನವರು ನೀರಿಗೆ ಬರುತ್ತಿದ್ದರು. ಆಮೇಲೆ ಅಲ್ಲಿಯ ರಾಣಿ ಊಟೆಯ ಹತ್ತಿರ ಮನೆ ಮಾಡಿದಳು. ತಿಮಿಂಗಿಲ ಬೇಟೆಯ ಹಡಗುಗಳು ನೀರು, ಹೆಂಡ, ಹೆಣ್ಣು ಹುಡುಕಿಕೊಂಡು ಬಂದವು. ಪಾದ್ರಿಗಳು ಬಂದರು. ಅವರ ಹಿಂದೆ ಫ್ರೆಂಚರ ಫಿರಂಗಿ ಹಡಗು ಬಂದು, ರಾಣಿಯ ಮುಂದೆ ಕಾಗದ ಇಟ್ಟು, ನಿಮ್ಮನ್ನು ರಕ್ಷಿಸುತ್ತೇವೆ ಎಂದಿತು. ರಕ್ಷಣೆ ಕೊಟ್ಟವರು ಇನ್ನೂ ಹೋಗಿಲ್ಲ. ಕಚೇರಿಯ ಮೇಲೆ ಇವತ್ತಿಗೂ ಅವರ ಬಾವುಟವಿದೆ. ಪೋಸ್ಟಾಫೀಸೂ ಪೊಲೀಸರೂ ಅವರದೇ. ಬೆಳಿಗ್ಗೆ ಎಲ್ಲರ ಕಂಕುಳಲ್ಲಿ ಮೊಳದುದ್ದದ ಫ್ರೆಂಚ್ ಬ್ರೆಡ್ಡು.

ಹಡಗಿನಲ್ಲಿ ಮೂರು ದಿನ ಕೆಲಸ. ಎಂಜಿನ್ ಕೋಣೆಯ ಸೆಖೆಯಲ್ಲಿ ಬಗ್ಗಿ, ಪೈಪಿಗೆ ಎಣ್ಣೆ ಸವರಿ, ಯಂತ್ರದ ತುದಿ ಒತ್ತಿ, ದಪ್ಪ ಓದುವುದು. ಧ್ವನಿಯಿಂದ ಅಳೆಯುವ ಯಂತ್ರ, ಅದರಲ್ಲಿ ವಿಕಿರಣದ ಗೊಡವೆಯಿಲ್ಲ. ಮಧ್ಯಾಹ್ನ ಹಡಗು ನಿಲ್ಲುವ ಧಕ್ಕೆಗೆ ಇಳಿದರೆ ವೈತೇಯಾ ಮಾರುಕಟ್ಟೆಯಿಂದ ಊಟ ಹಿಡಿದು ಬಂದಿರುತ್ತಿದ್ದಳು. ಮೊದಲ ದಿನ ತಂದದ್ದು ಹಸಿ ಮೀನು. ನಿಂಬೆರಸದಲ್ಲಿ ನೆನೆಸಿ, ತೆಂಗಿನ ಹಾಲು ಸುರಿದು, ಹಾಗೆಯೇ ತಿನ್ನುವುದು. ಮಂಗಳೂರಿನವನಿಗೆ ತೆಂಗಿನ ಹಾಲೂ ಗೊತ್ತು, ಮೀನೂ ಗೊತ್ತು. ನಡುವೆ ಒಲೆ ಇಲ್ಲದ್ದು ಮಾತ್ರ ಗೊತ್ತಿರಲಿಲ್ಲ. “ಒಲೆ ಹಚ್ಚಲು ಮರೆತಿರಾ?” ಎಂದೆ. “ನಿಮ್ಮ ಊರಿನ ಮೀನು ಸುಡುವಷ್ಟು ಹಳತಾಗಿರುತ್ತದಾ?” ಎಂದಳು. ತಿಂದೆ. ಎರಡನೆಯ ಸಲ ಕೇಳಿ ತಿಂದೆ.

ನಾವು ಕೂತಿದ್ದ ಬಂದರನ್ನು ತೋರಿಸಿ ಒಮ್ಮೆ ಕೇಳಿದೆ, ಇಷ್ಟು ಸಣ್ಣ ಊರಿಗೆ ಇಷ್ಟು ದೊಡ್ಡ ಬಂದರು ಯಾಕೆ?

“ಬಾಂಬಿಗೆ” ಎಂದಳು ವೈತೇಯಾ, ಬ್ರೆಡ್ಡು ಮುರಿಯುತ್ತ.

ಫ್ರೆಂಚರು ತಮ್ಮ ಅಣುಬಾಂಬುಗಳನ್ನು ಸಿಡಿಸಿ ನೋಡಲು ಆರಿಸಿಕೊಂಡದ್ದು ಇಲ್ಲಿಂದ ದೂರದ ಮೊರುರೋವಾ ಎಂಬ ಹವಳದ ದ್ವೀಪವನ್ನು. ಸಾವಿರದ ಒಂಬೈನೂರ ಅರುವತ್ತಾರರಿಂದ ಮೂವತ್ತು ವರ್ಷ ಸಿಡಿಸಿದರು. ಮೊದಲು ಬಯಲ ಗಾಳಿಯಲ್ಲಿ, ಆಮೇಲೆ ಹವಳದ ಕೆಳಗೆ. ಅದಕ್ಕೆ ಬೇಕಾದ ಕಬ್ಬಿಣ, ಸಿಮೆಂಟು, ಸಿಪಾಯಿ, ಹೆಂಡ ಎಲ್ಲ ಇಳಿದದ್ದು ಈ ಬಂದರಿನಲ್ಲಿ. ದೂರದೂರದ ದ್ವೀಪಗಳ ಜನ ಮೀನು ಬಲೆ, ತೆಂಗಿನ ತೋಟ ಬಿಟ್ಟು ಕೂಲಿಗೆ ಬಂದರು. ಕಣಿವೆಗಳಲ್ಲಿ ತಗಡಿನ ಮಾಡುಗಳು ಎದ್ದವು. ಕಾರು ಬಂತು, ಟ್ರಾಫಿಕ್ ಜಾಮ್ ಬಂತು, ಅಂಗಡಿ ಬಂತು. ಬಾಂಬು ನಿಂತಿತು, ಜನ ಉಳಿದರು.

ನನಗೆ ನಮ್ಮ ಖೋಬರ್ ನೆನಪಾಯಿತು. ಅದೂ ಮೀನು, ಮುತ್ತು ಎಂದಿದ್ದ ಹಳ್ಳಿಯೇ. ತೈಲ ಸಿಕ್ಕಿದ ಮೇಲೆ ಊರಾಯಿತು. ಈಗ ಸಮುದ್ರದ ಬದಿಯಲ್ಲಿ ಮಾಲುಗಳು, ರಾತ್ರಿ ರಾಸ್ ತನೂರಾದ ದಾರಿಯಲ್ಲಿ ತೈಲ ಕಾರ್ಖಾನೆಯ ಜ್ವಾಲೆಗೆ ಆಕಾಶ ಕೆಂಪಗೆ. ಒಂದು ಊರನ್ನು ನೆಲದೊಳಗಿನ ವಸ್ತು ಕಟ್ಟಿತು, ಇನ್ನೊಂದನ್ನು ನೆಲ ಒಡೆಯುವ ವಸ್ತು ಕಟ್ಟಿತು. ಎರಡು ಕಡೆಯೂ ಕಟ್ಟಿದವರು ಬೇರೆ ಊರಿನಿಂದ ಬಂದವರು. ಎರಡು ಕಡೆಯೂ ಪೋಸ್ಟ್‌ಕಾರ್ಡಿನಲ್ಲಿ ಅವರ ಚಿತ್ರವಿಲ್ಲ.

“ನಾನು ಸಣ್ಣವಳಿರುವಾಗ, ನಡುವೆ ನಿಲ್ಲಿಸಿದ್ದ ಬಾಂಬು ಮತ್ತೆ ಶುರು ಮಾಡುತ್ತೇವೆ ಅಂದರು. ಊರಿಗೆ ಊರೇ ಬೀದಿಗಿಳಿಯಿತು. ಬೆಂಕಿ ಬಿತ್ತು. ಈ ಆಕಾಶ ಕಪ್ಪಗಾದದ್ದು ನೆನಪಿದೆ” ಎಂದಳು. “ನಮ್ಮ ಅಪ್ಪ ಮಾತ್ರ ಅಂಗಳದಲ್ಲಿ ಕೂತು ಉಕುಲೇಲೆ ಬಾರಿಸುತ್ತಿದ್ದ.”

“ಯಾಕೆ?”

“ಭಾನುವಾರ ಊಟಕ್ಕೆ ಬಾ. ಅವನನ್ನೇ ಕೇಳು.”

ಶನಿವಾರ ಕೆಲಸ ಮುಗಿಸಿ ದಂಡೆಯ ಉದ್ಯಾನದ ಕಡೆ ನಡೆದೆ. ಅಲ್ಲೊಂದು ಸ್ಮಾರಕವಿದೆ. ಬಾಂಬಿನಿಂದ ಬಾಳು ಕೆಟ್ಟವರ ನೆನಪಿಗೆ ದ್ವೀಪದ್ವೀಪಗಳಿಂದ ಒಂದೊಂದು ಕಲ್ಲು ತಂದು ನಿಲ್ಲಿಸಿದ್ದಾರೆ. ಪಕ್ಕದಲ್ಲಿ ಹುಡುಗಿಯರು ಕುಣಿತದ ಅಭ್ಯಾಸ ಮಾಡುತ್ತಿದ್ದರು, ಒಬ್ಬ ಪ್ರವಾಸಿ ಕಲ್ಲಿಗೆ ಒರಗಿ ಐಸ್‌ಕ್ರೀಮ್ ನೆಕ್ಕುತ್ತಿದ್ದ. ಅವನ ಮೇಲೆ ರೇಗಿತು. ಆಮೇಲೆ, ನನಗೆ ರೇಗುವ ಹಕ್ಕು ಎಲ್ಲಿಂದ ಬಂತು ಎಂದು ನನ್ನ ಮೇಲೆಯೇ ರೇಗಿತು. ಸುಮ್ಮನೆ ಬಂದು ಮಲಗಿದೆ.

ಭಾನುವಾರ, ಪಾಪಾ ತೇವಾನ ಅಂಗಳ

ಸೌದಿಯಲ್ಲಿ ಭಾನುವಾರ ಎಂದರೆ ವಾರದ ಮೊದಲ ಕೆಲಸದ ದಿನ. ಚರ್ಚಿಲ್ಲ, ಗಂಟೆಯಿಲ್ಲ. ನಮ್ಮ ಪೂಜೆ ಏನಿದ್ದರೂ ಮೊಬೈಲಿನಲ್ಲಿ, ಇಯರ್‌ಫೋನ್ ಸಿಕ್ಕಿಸಿಕೊಂಡು. ಪಪೇತೆಯಲ್ಲಿ ಭಾನುವಾರ ಅಂಗಡಿಗಳೇ ಇಲ್ಲ, ಎಲ್ಲ ಬರೀ ಹಾಡು. ಕೆಥೆಡ್ರಲಿನಲ್ಲಿ ಬಿಳಿ ಬಟ್ಟೆ, ಹುಲ್ಲಿನ ಟೋಪಿ ಹಾಕಿದ ಹೆಂಗಸರು ಎದೆಯಾಳದಿಂದ ಹಾಡುತ್ತಿದ್ದರೆ ಬೆಂಚು ನಡುಗುತ್ತಿತ್ತು. ಭಾಷೆ ಒಂದಕ್ಷರ ತಿಳಿಯದಿದ್ದರೂ ಎಲ್ಲಿ ಏಳಬೇಕು, ಎಲ್ಲಿ ಮಂಡಿಯೂರಬೇಕು ಎಂಬುದು ನನ್ನ ಮಂಡಿಗೆ ಗೊತ್ತಿತ್ತು. ಆ ಒಂದು ಗಂಟೆ ನನಗೆ ಸಿಟ್ಟಿರಲಿಲ್ಲ. ಇಡೀ ಪ್ರವಾಸದಲ್ಲಿ ಅದೊಂದೇ ಗಂಟೆ.

ಅಲ್ಲಿಂದ ವೈತೇಯಾಳ ಜೊತೆ ಊಟಕ್ಕೆ ಹೋದೆ. ವೈತೇಯಾಳ ಅಪ್ಪ ಇರುವುದು ಅವಳ ಮನೆಯ ಹಿತ್ತಿಲಿಗೆ ತಾಗಿದ ಒಂಟಿ ಕೋಣೆಯಲ್ಲಿ. ಅಲ್ಲಿ ವಯಸ್ಸಾದ ಗಂಡಸರಿಗೆಲ್ಲ ಪಾಪಾ ಎನ್ನುತ್ತಾರೆ, ಇವನು ಪಾಪಾ ತೇವಾ. ಸೊಂಟಕ್ಕೆ ಹೂವಿನ ಚಿತ್ರದ ಪಂಚೆ, ಮೇಲೆ ಬನಿಯನ್, ಎಪ್ಪತ್ತೈದರ ಮುದುಕ. ಕತ್ತಿನಲ್ಲಿ ಒಂದು ಕಿವಿಯ ಕೆಳಗಿನಿಂದ ಇನ್ನೊಂದರ ಕಡೆಗೆ ಹೊಲಿಗೆಯ ಗುರುತು. ಅಂಗಳದಲ್ಲಿ ಗುಂಡಿ ತೋಡಿ, ಕಲ್ಲು ಕಾಯಿಸಿ, ಬಾಳೆಲೆ ಮುಚ್ಚಿ ಹಂದಿಮಾಂಸವನ್ನೂ ಗೆಡ್ಡೆಗಳನ್ನೂ ಬೇಯಲಿಟ್ಟಿದ್ದರು. ಬದಿಯ ಕೆಂಡದಲ್ಲಿ ಇಡಿಯಾಗಿ ಕರಕಲಾಗುತ್ತಿದ್ದ ಕಾಯಿಯೊಂದನ್ನು ಪಾಪಾ ಕೋಲಿನಿಂದ ಹೊರಳಿಸುತ್ತಿದ್ದ. ನೋಡಿದರೆ ಘಟ್ಟದ ಮೇಲಿನವರು ದೀವಿಹಲಸು ಎನ್ನುವ ನಮ್ಮ ಜೀಗುಜ್ಜೆ! ನಮ್ಮಲ್ಲಿ ಅದನ್ನು ತೆಳ್ಳಗೆ ಹೆಚ್ಚಿ ಪೋಡಿ ಕರಿಯುತ್ತೇವೆ ಎಂದೆ. ಪಾಪಾ ಅನುಕಂಪದಿಂದ ನನ್ನ ಮುಖ ನೋಡಿದ. ಇಷ್ಟು ಒಳ್ಳೆಯ ಕಾಯಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಕೊಲ್ಲುತ್ತೀರಾ ಎಂದದ್ದನ್ನು ವೈತೇಯಾ ಇಂಗ್ಲಿಷಿಗೆ ತಿರುಗಿಸಿದಳು.

ಹಾಗೆ ನೋಡುವಾಗ ಅವನ ಕಣ್ಣು ನನ್ನ ಅಂಗಿಯ ಜೇಬಿಗೆ ಬಿತ್ತು. ಅಲ್ಲಿ ಬ್ಯಾಡ್ಜ್ ಇತ್ತು.

ಯಾಕಿತ್ತು? ಅವತ್ತು ಕೆಲಸ ಇರಲಿಲ್ಲ, ಅದಕ್ಕೆ. ಕೆಲಸವಿಲ್ಲದ ದಿನ ಹಾಕಿಕೊಳ್ಳುವುದು ಒಂಬತ್ತು ವರ್ಷದ ಅಭ್ಯಾಸ. ಬೆಳಿಗ್ಗೆ ಅಂಗಿ ಹಾಕಿದ ಕೈ ತಾನಾಗಿಯೇ ಅದನ್ನೂ ಸಿಕ್ಕಿಸಿತ್ತು.

ಪಾಪಾ ಕೋಲು ಕೆಳಗಿಟ್ಟ. ಹತ್ತಿರ ಬಂದು ಬ್ಯಾಡ್ಜನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದ. ಮಗಳಿಗೆ ಏನೋ ಹೇಳಿದ.

“ನನಗೂ ಒಂದು ಇತ್ತು ಅನ್ನುತ್ತಾನೆ” ಎಂದಳು ವೈತೇಯಾ. “ಮೊರುರೋವಾದಲ್ಲಿ.”

ಊಟದುದ್ದಕ್ಕೂ ಅವನು ಹೇಳಿದ, ಅವಳು ತರ್ಜುಮೆ ಮಾಡಿದಳು. ಹದಿನೆಂಟರ ಹುಡುಗ ತನ್ನ ದ್ವೀಪದಿಂದ ಪಪೇತೆಗೆ ಬಂದ. ಅಲ್ಲಿಂದ ಮೊರುರೋವಾಕ್ಕೆ ಕಳುಹಿಸಿದರು. ಬಾಂಬಿನ ಹತ್ತಿರ ಹೋಗಿಬಂದವರ ಬಟ್ಟೆ ಒಗೆಯುವುದು ಇವನ ಕೆಲಸ. ತೊಟ್ಟಿಯಲ್ಲಿ ನೆನೆಸಿ, ಉಜ್ಜಿ, ಹಿಂಡಿ, ಒಣಗಿಸುವುದು. ಅವನ ಎದೆಯ ಮೇಲೂ ಬ್ಯಾಡ್ಜ್ ಹಾಕಿದ್ದರು.

“ಒಗೆಯುವಾಗ ಅದನ್ನು ತೆಗೆದು ಹೊರಗೆ ನೇತುಹಾಕಿ ಅನ್ನುತ್ತಿದ್ದ ನಮ್ಮ ಮೇಸ್ತ್ರಿ. ನೀರು ತಾಗಿದರೆ ಹಾಳಾಗುತ್ತದಂತೆ. ಬಾಗಿಲ ಹೊರಗೆ ಸಾಲಾಗಿ ಮೊಳೆ ಹೊಡೆದಿದ್ದರು.”

ನನ್ನ ಕೈಯಲ್ಲಿದ್ದ ಜೀಗುಜ್ಜೆ ಕೈಯಲ್ಲೇ ಉಳಿಯಿತು.

“ಒಗೆದು ಮುಗಿಸಿ, ಕೈ ಒರೆಸಿ, ಮತ್ತೆ ಹಾಕಿಕೊಂಡು ಊಟಕ್ಕೆ ಹೋಗುತ್ತಿದ್ದೆವು. ಊಟದ ಮನೆಯಲ್ಲಿ ಎಲ್ಲರ ಎದೆಯಲ್ಲೂ ಬ್ಯಾಡ್ಜ್. ಚೆಂದ ಕಾಣುತ್ತಿತ್ತು, ಮೆಡಲಿನ ಹಾಗೆ.”

ಪಾಪಾ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರ್ ತಂದ. ಕತ್ತಿನ ಕ್ಯಾನ್ಸರ್ ಗಂಟಿನ ಆಪರೇಷನ್ ಆದ ಮೇಲೆ, ವರ್ಷಾನುಗಟ್ಟಲೆ ಅರ್ಜಿ ಹಾಕಿ ತರಿಸಿಕೊಂಡ ಕಾಗದ ಅದರೊಳಗಿತ್ತು. ಫ್ರೆಂಚ್ ನನಗೆ ಬರುವುದಿಲ್ಲ. ಬರಬೇಕಾಗಿಯೂ ಇರಲಿಲ್ಲ. ಅಂಥ ಪಟ್ಟಿಯನ್ನು ನಾನು ನಿದ್ದೆಯಲ್ಲೂ ಓದಬಲ್ಲೆ. ಎಡಗಡೆ ತಿಂಗಳು, ಬಲಗಡೆ ಅಂಕಿ, ಕೆಳಗೆ ಸಹಿ. ಸೊನ್ನೆ, ಸೊನ್ನೆ, ಸೊನ್ನೆ.

“ಎಷ್ಟು ದುಂಡಗೆ ಬರೆದಿದ್ದಾನೆ ನೋಡು. ಮೊಟ್ಟೆಯ ಹಾಗೆ” ಎಂದು ಪಾಪಾ ನಕ್ಕ. “ಪರಿಹಾರ ಕೇಳಿದರೆ ಇದನ್ನೇ ತೋರಿಸುತ್ತಾರೆ. ನಿನಗೆ ಏನೂ ತಾಗಿಲ್ಲ, ಕಾಗದದಲ್ಲಿದೆ ಅನ್ನುತ್ತಾರೆ. ಅವತ್ತು ಊರು ಉರಿಯುವಾಗ ನಾನು ಯಾಕೆ ಬೀದಿಗೆ ಹೋಗಲಿಲ್ಲ ಅಂತ ಇವಳು ಈಗಲೂ ಕೇಳುತ್ತಾಳೆ. ಯಾರ ಮೇಲೆ ಕಲ್ಲು ಹೊಡೆಯಲಿ? ಈ ಸೊನ್ನೆ ಬರೆದವನ ಮುಖವೇ ನನಗೆ ಗೊತ್ತಿಲ್ಲ.” ಆಮೇಲೆ ನನ್ನ ಜೇಬಿನ ಕಡೆ ಗಲ್ಲ ಎತ್ತಿ ಕೇಳಿದ, “ನಿನ್ನದನ್ನು ಯಾರು ಬರೆಯುತ್ತಾರೆ?”

ವೈತೇಯಾ ಅನುವಾದಿಸಿ ನನ್ನ ಮುಖ ನೋಡಿದಳು. ಸುಳ್ಳು ಹೇಳಬಹುದಿತ್ತು. ಅವರಿಗೆ ಹೇಗೆ ಗೊತ್ತಾಗಬೇಕು, ಖೋಬರ್ ಎಲ್ಲಿ, ಈ ಕಣಿವೆ ಎಲ್ಲಿ?

“ನಾನೇ” ಎಂದೆ. “ನನ್ನದೂ, ಇನ್ನು ಎಂಟು ಜನರದೂ. ನಾವೂ ಮೊಳೆಗೆ ನೇತುಹಾಕುತ್ತೇವೆ.”

ಅವಳು ಅದನ್ನೂ ಅಪ್ಪನಿಗೆ ಹೇಳಿದಳು. ಕೋಳಿಯೊಂದು ನಮ್ಮ ನಡುವೆ ಹಾದುಹೋಯಿತು. ಮುದುಕ ನನ್ನನ್ನು ನೋಡಿದ. ಅದು ಸಿಟ್ಟಿನ ನೋಟವಲ್ಲ. ಮಾರುಕಟ್ಟೆಯಲ್ಲಿ ಅಪರೂಪದ ಮೀನನ್ನು ಬಗ್ಗಿ ನೋಡುತ್ತಾರಲ್ಲ, ಹಾಗೆ.

“ಐವತ್ತು ವರ್ಷದ ಹಿಂದೆ ಸೊನ್ನೆ ಬರೆದವನನ್ನು ಒಮ್ಮೆ ನೋಡಬೇಕು ಅಂತ ಇತ್ತು” ಎಂದ. “ಕೊಂಬು ಇರುತ್ತದೆ ಅಂದುಕೊಂಡಿದ್ದೆ. ಜೀಗುಜ್ಜೆ ತಿನ್ನುವ ಮನುಷ್ಯ.”

ನಾನು ಏನೋ ಸಮಜಾಯಿಷಿ ಶುರು ಮಾಡಿದೆ. ಇಕಾಮಾ, ಗುತ್ತಿಗೆ, ಎಲ್ಲರೂ ಒಪ್ಪಿಯೇ ಮಾಡುವುದು, ನನ್ನೊಬ್ಬನಿಂದ ಏನಾಗುತ್ತದೆ. ವೈತೇಯಾ ಅರ್ಧದವರೆಗೆ ಅನುವಾದಿಸುವಷ್ಟರಲ್ಲಿ ಮುದುಕ ಕೈಯೆತ್ತಿ ತಡೆದ.

“ನೀನು ಓದಿದವನಾ?”

“ಹೌದು. ನಮ್ಮ ಮನೆಯಲ್ಲಿ ನಾನೇ ಮೊದಲು.” ಇಷ್ಟಾದರೂ ಆ ಮಾತು ಎದೆಯುಬ್ಬಿಸಿಕೊಂಡೇ ಹೊರಗೆ ಬಂತು. ಎಂಥ ನಾಚಿಕೆಗೇಡಿನ ನಾಲಗೆ!

“ನಾನು ಓದಿದವನಲ್ಲ. ಅವತ್ತು ಆ ನೀರಿನಲ್ಲಿ ಏನಿತ್ತು ಅಂತ ಕೇಳಿದರೆ, ಗೊತ್ತಿಲ್ಲ ಅನ್ನುತ್ತೇನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಬರೆಯಲಿಕ್ಕೆ ಎಷ್ಟು ಓದಬೇಕು?”

ಅವನು ಉತ್ತರಕ್ಕೆ ಕಾಯಲಿಲ್ಲ. ಕರಕಲು ಸಿಪ್ಪೆ ಸುಲಿದು, ಬಿಸಿ ಜೀಗುಜ್ಜೆಯ ಇನ್ನೊಂದು ಹೋಳನ್ನು ನನ್ನ ತಟ್ಟೆಗೆ ಹಾಕಿದ. ಊಟಕ್ಕೆ ಬಂದವನನ್ನು ಅರ್ಧದಲ್ಲಿ ಎಬ್ಬಿಸುವುದು ಅವರಲ್ಲೂ ಇಲ್ಲ. ನಾನೂ ತಟ್ಟೆ ಖಾಲಿ ಮಾಡಿಯೇ ಎದ್ದೆ.

ಮತ್ತೆ ಖೋಬರ್

ಹೊರಡುವ ದಿನ ವೈತೇಯಾ ಕೊರಳಿಗೆ ಚಿಪ್ಪಿನ ಹಾರ ಹಾಕಿದಳು. ಬರುವವರಿಗೆ ಹೂವು, ಹೋಗುವವರಿಗೆ ಚಿಪ್ಪು. ಬ್ಯಾಡ್ಜನ್ನು ಬೇಕೆಂದೇ ಮತ್ತೆ ಪೆಟ್ಟಿಗೆಗೆ ಹಾಕಿದೆ. ಮತ್ತೆ ಅಷ್ಟೇ ಯಂತ್ರ, ಅಷ್ಟೇ ಆಕಾಶ. ಬಂದ ಮರುದಿನವೇ ಮೂರು ತಿಂಗಳ ಅವಧಿ ಮುಗಿದಿತ್ತು. ಒಂಬತ್ತೂ ಬ್ಯಾಡ್ಜುಗಳು ಲ್ಯಾಬಿಗೆ ಹೋದವು. ಎರಡು ವಾರದ ಮೇಲೆ ಫಲ ಬಂತು. ಎಂಟು ಸೊನ್ನೆ. ಒಂದರಲ್ಲಿ ಮಾತ್ರ ಅಂಕಿ, ಚಿಕ್ಕದು, ಆದರೆ ಸೊನ್ನೆಯಲ್ಲ. ಅದು ನನ್ನದು.

ರಿಚರ್ಡ್ ಸರ್ ಕರೆಸಿದರು. “ಎಂತದಾ ಇದು? ಹಡಗಿನಲ್ಲಿ ಬಾಂಬು ಹೊಡೆದ್ಯಾ?”

ಬ್ಯಾಡ್ಜ್ ಪೆಟ್ಟಿಗೆಯಲ್ಲಿ ಪ್ರಯಾಣ ಮಾಡಿದ್ದನ್ನು ಹೇಳಿದೆ. ಅವರಿಗೆ ಸಮಾಧಾನವಾಯಿತು. “ಅಷ್ಟೇ ಅಲ್ವಾ? ಹಾಗಂತ ಒಂದು ಕಾಗದ ಬರೆದು ಲಗತ್ತಿಸು. ಬಶೀರನ ಪಟ್ಟಿಗೂ ಸೈನ್ ಹಾಕಿ ಮುಗಿಸು. ಯಲ್ಲಾ, ಬೇಗ ಬೇಗ.”

ಕೂತು ಕಾಗದ ಬರೆದೆ. ಮೊದಲ ಸಾಲು ಅವರು ಹೇಳಿದ್ದೇ: ಈ ಬ್ಯಾಡ್ಜ್ ನನ್ನ ಪೆಟ್ಟಿಗೆಯಲ್ಲಿ ವಿಮಾನ ಪ್ರಯಾಣ ಮಾಡಿದೆ, ಅಂಕಿ ಬಂದದ್ದು ಅದರಿಂದ. ಎರಡನೆಯ ಸಾಲು ನನ್ನದು: ಬರೀ ಪ್ರಯಾಣ ಮಾಡಿದ ಬ್ಯಾಡ್ಜೇ ಇಷ್ಟು ತೋರಿಸಿದೆ, ಮೂರು ತಿಂಗಳು ವಿಕಿರಣದ ಹತ್ತಿರ ಕೆಲಸ ಮಾಡಿದ ಎಂಟು ಜನರ ಬ್ಯಾಡ್ಜ್ ಸೊನ್ನೆ ತೋರಿಸಿದ್ದರೆ ಅದಕ್ಕೆ ಕಾರಣ ಒಂದೇ, ಅವು ಕೆಲಸದ ಜಾಗದಲ್ಲಿ ಇರಲಿಲ್ಲ. ಆಮೇಲೆ ಬಶೀರ್ ಕಾಕನ ಪಟ್ಟಿ ತೆಗೆದೆ. ಕೊನೆಯ ಪುಟದ ಸೊನ್ನೆಯ ಜಾಗದಲ್ಲಿ ‘ಅಳೆದಿಲ್ಲ’ ಎಂದು ಬರೆದೆ. ಹಿಂದಿನ ಒಂಬತ್ತು ವರ್ಷದ ನನ್ನ ಸೊನ್ನೆಗಳಿಗೂ ಒಂದೊಂದಾಗಿ ಗೀಟು ಹಾಕಿ, ಪಕ್ಕದಲ್ಲಿ ಅದನ್ನೇ ಬರೆದು, ಪ್ರತಿ ಗೀಟಿಗೂ ಸಹಿ ಹಾಕಿದೆ. ಓದಿಯೇ ಹಾಕಿದೆ.

ರಿಚರ್ಡ್ ಸರ್ ಎರಡು ಸಲ ಓದಿದರು. “ನಿನ್ನ ಇಕಾಮಾ ಯಾವಾಗ ಮುಗೀತದೆ ಗೊತ್ತುಂಟಲ್ಲ?”

“ಗೊತ್ತುಂಟು ಸರ್.”

“ನಿನ್ನ ಅಮ್ಮನ ಮುಖ ನೋಡಿ ಕರ್ಕೊಂಡು ಬಂದದ್ದು ನಾನು.”

“ಅಮ್ಮನ ಮಾತು ಕೇಳಿಯೇ ಬರ್ದದ್ದು ಸರ್.”

ಮೇಜಿನ ಮೇಲಿನ ಪೇಪರ್‌ವೇಟನ್ನು ಅವರು ಬಲಗಡೆಯಿಂದ ಎಡಗಡೆಗೆ ಇಟ್ಟರು. ಮತ್ತೆ ನನ್ನ ಹತ್ತಿರ ಮಾತಾಡಿಲ್ಲ, ಇದನ್ನು ಬರೆಯುವವರೆಗೂ. ಕಾಗದದ ಪ್ರತಿಯನ್ನು ನಾನೇ ಲ್ಯಾಬಿಗೂ ಕಳುಹಿಸಿದ್ದೇನೆ. ಏನಾಗುತ್ತದೋ ನೋಡಬೇಕು.

ಅದಕ್ಕಿಂತ ದೊಡ್ಡ ಬೈಗುಳ ಬಶೀರ್ ಕಾಕನಿಂದ ಸಿಕ್ಕಿತು. ಪಟ್ಟಿಯ ಪ್ರತಿ ಹಿಡಿದುಕೊಂಡು ನನ್ನ ಕೋಣೆಗೇ ಬಂದರು. “ಎಂತ ಪೊರ್ಬುಗಳೇ ಇದು? ಸೊನ್ನೆಯಾದ್ರೆ ನೋಡ್ಲಿಕ್ಕೆ ಚೆಂದ ಇತ್ತು. ನೀವು ಪುಟ ಇಡೀ ಗೀಚಿ ಇಟ್ಟಿದ್ದೀರಿ. ಇದನ್ನು ಹಿಡ್ಕೊಂಡು ನಾನು ಡಾಕ್ಟರ ಹತ್ರ ಎಂತ ಹೇಳ್ಲಿ?”

“ನಿಮ್ಮನ್ನು ಅಳೆದಿಲ್ಲ ಅಂತ ಹೇಳಿ ಕಾಕ. ಸೊನ್ನೆ ನೋಡಿದ್ರೆ ಅವರು ಮನೆಗೆ ಕಳಿಸ್ತಾರೆ. ಅಳೆದಿಲ್ಲ ಅಂದ್ರೆ ಕೂರಿಸಿ ಕೇಳ್ತಾರೆ.”

ಅವರು ಆ ಕಾಗದವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. ಸಿಪ್ಪೆ ಸುಲಿದ ಬೆರಳಿನಿಂದ ನನ್ನ ಗೀಟುಗಳ ಮೇಲೆ ಒಮ್ಮೆ ಸವರಿದರು. ಪಾಪಾ ತೇವಾನ ಕಥೆ ಹೇಳಿದೆ. ಮೊಳೆಯ ವಿಷಯ ಬಂದಾಗ ಅವರು “ಯಾ ಅಲ್ಲಾ” ಎಂದರು, ಅಷ್ಟೇ. ಕಾಗದವನ್ನು ನಾಲ್ಕಾಗಿ ಮಡಚಿ ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡು ಹೋದರು.

ಮರುದಿನ ಬೆಳಿಗ್ಗೆ ಸೈಟಿನ ವ್ಯಾನು ಹಾರ್ನ್ ಹೊಡೆಯುತ್ತಿತ್ತು. ಹೊಸ ಅವಧಿಯ ಹೊಸ ಬ್ಯಾಡ್ಜುಗಳನ್ನು ನಾನು ಹಲಗೆಗೆ ಹಾಕಿ ಮುಗಿಸಿದ್ದೆ. ಒಬ್ಬೊಬ್ಬರಾಗಿ ಹಲಗೆಯ ಮುಂದೆ ಹಾದು ಹೊರಗೆ ಹೋದರು, ಯಾರೂ ಕೈ ಹಾಕಲಿಲ್ಲ. ಕೊನೆಗೆ ಬಂದ ಬಶೀರ್ ಕಾಕ ನಿಂತು, ತನ್ನ ಬ್ಯಾಡ್ಜನ್ನು ಮೊಳೆಯಿಂದ ತೆಗೆದು, ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡರು. ಸೊಟ್ಟಗಿತ್ತು. ನೇರ ಮಾಡಿಕೊಂಡರು.

“ಇನ್ನು ಹದಿನೆಂಟು ದಿನ ಉಂಟು ನನ್ನ ಕೆಲಸ. ಹದಿನೆಂಟು ದಿನಕ್ಕೆ ಎಷ್ಟು ತೋರಿಸ್ತದೆ ನೋಡುವಾ” ಎಂದರು. ಬಾಗಿಲ ತನಕ ಹೋಗಿ ತಿರುಗಿದರು. “ಅದನ್ನು ಇಪ್ಪತ್ತೆರಡು ವರ್ಷಕ್ಕೆ ಗುಣಿಸ್ಲಿಕ್ಕೆ ನಿಮಗೆ ಬರ್ತದಲ್ಲ ಪೊರ್ಬುಗಳೇ? ಬಿ.ಎಸ್ಸಿ. ಅಲ್ವಾ ನೀವು?”